ನಿವೃತ್ತರ ಗುಂಪು ವಿಮೆ: ಅಜ್ಜನ ಪೆಟ್ಟಿಗೆಯಲ್ಲಿರುವ ಕಾಗದವನ್ನು ಓದುವುದು ಹೇಗೆ?



ನಿವೃತ್ತರ ಆರೋಗ್ಯ ವಿಮೆಯ ಬಗ್ಗೆ ಚರ್ಚೆ ಪ್ರಸಾರವಾದಾಗ ನಿಮ್ಮಲ್ಲಿ ಕೆಲವರು "ಇದು ಅಜ್ಜ ಅಜ್ಜಿಯರಿಗೆ" ಎಂದು ಎದ್ದು ಹೋಗಿರಬಹುದು. ನಿಮ್ಮ ವಯಸ್ಸಿನಲ್ಲಿ ನಾನೂ ಹಾಗೆಯೇ ಮಾಡುತ್ತಿದ್ದೆ. ಆದರೆ ಅರ್ಧ ಗಂಟೆಯ ಮಾತಿನಲ್ಲಿ ಹೇಳಲಾಗದೆ ಉಳಿದ ಒಂದು ಲೆಕ್ಕವಿದೆ. ಅದನ್ನು ಬಿಡಿಸಲು ಎಂಟನೆಯ ತರಗತಿಯ ಗಣಿತ ಸಾಕು. ಮನೆಯಲ್ಲಿ ಸಣ್ಣ ಅಕ್ಷರವನ್ನು ಕನ್ನಡಕವಿಲ್ಲದೆ ಓದಬಲ್ಲ ಕಣ್ಣೂ ಸಾಮಾನ್ಯವಾಗಿ ನಿಮ್ಮದೇ. ಆದುದರಿಂದ ಈ ಪುಟಗಳನ್ನು ನಿಮಗಾಗಿಯೇ ಬರೆದಿದ್ದೇನೆ.

ಒಂದು ಬಿಲ್ಲಿನ ಕಥೆ

ನನ್ನ ಊರು ಕಳಸದ ಹತ್ತಿರ. ಕಾಫಿ ತೋಟಗಳ ನಡುವೆ, ಭದ್ರಾ ನದಿಯ ಆಚೆ ದಡದಲ್ಲಿ ನಮ್ಮ ಮನೆ. ಮಳೆಗಾಲದಲ್ಲಿ ಭದ್ರೆ ತುಂಬಿದರೆ ಕಳಸ ಮತ್ತು ಹೊರನಾಡಿನ ನಡುವಿನ ಹೆಬ್ಬಾಳೆ ಸೇತುವೆ ಮುಳುಗುವುದು ನಮ್ಮ ಕಡೆಯವರಿಗೆಲ್ಲ ಗೊತ್ತಿರುವ ಸಂಗತಿ. ದೊಡ್ಡ ಕಾಯಿಲೆ ಬಂದರೆ ಒಂದೋ ಚಿಕ್ಕಮಗಳೂರಿನ ಕಡೆಗೆ ಹೋಗಬೇಕು, ಇಲ್ಲವೇ ಘಟ್ಟ ಇಳಿದು ಮಣಿಪಾಲ ಅಥವಾ ಮಂಗಳೂರು ಸೇರಬೇಕು. ಯಾವ ಕಡೆ ಹೋದರೂ ಹತ್ತಿರಹತ್ತಿರ ನೂರು ಕಿಲೋಮೀಟರ್ ದಾರಿ.

ಕೆಲವು ವರ್ಷಗಳ ಹಿಂದೆ ಒಂದು ಬೆಳಗಿನ ಜಾವ ನನ್ನ ತಂದೆಗೆ ಎದೆನೋವು ಬಂತು. ಅವರು ಒಂದು ಸಂಸ್ಥೆಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಆ ಸಂಸ್ಥೆಯ ನಿವೃತ್ತರ ಗುಂಪು ವಿಮೆಯಲ್ಲಿ ಅವರ ಹೆಸರಿತ್ತು. ಪಕ್ಕದ ಮನೆಯವರ ಜೀಪಿನಲ್ಲಿ ಘಟ್ಟ ಇಳಿಸಿ ಆಸ್ಪತ್ರೆ ಸೇರಿಸಿದೆವು. "ಯಾವ ಕೋಣೆ ಬೇಕು?" ಎಂದು ಅಲ್ಲಿನವರು ಕೇಳಿದಾಗ ನಾನು ಹಿಂದೆ ಮುಂದೆ ನೋಡಲಿಲ್ಲ. "ವಿಮೆ ಇದೆಯಲ್ಲ, ಒಬ್ಬರೇ ಇರುವ ಒಳ್ಳೆಯ ಕೋಣೆ ಕೊಡಿ" ಎಂದುಬಿಟ್ಟೆ. ದಿನಕ್ಕೆ 6,000 ರೂಪಾಯಿ ಬಾಡಿಗೆ.

ಐದು ದಿನ ಕಳೆಯಿತು. ತಂದೆ ಚೇತರಿಸಿಕೊಂಡರು. ಬಿಲ್ಲು ಬಂತು. ಲೆಕ್ಕ ಸುಲಭವಾಗಲೆಂದು ಅಂಕಿಗಳನ್ನು ಸ್ವಲ್ಪ ದುಂಡಾಗಿಸಿ ಹೇಳುತ್ತೇನೆ. ಕೋಣೆ ಬಾಡಿಗೆ 30,000. ವೈದ್ಯರ ಶುಲ್ಕ, ಶಸ್ತ್ರಚಿಕಿತ್ಸಾ ಕೊಠಡಿ, ಶುಶ್ರೂಷೆ ಸೇರಿ 1,20,000. ಔಷಧಿ, ಸ್ಟೆಂಟ್, ಪರೀಕ್ಷೆಗಳು ಸೇರಿ 80,000. ಒಟ್ಟು 2,30,000 ರೂಪಾಯಿ. ವಿಮಾ ಮೊತ್ತ 3 ಲಕ್ಷ ಇದ್ದುದರಿಂದ ನಮ್ಮ ಕೈಯಿಂದ ಏನೂ ಹೋಗುವುದಿಲ್ಲವೆಂದು ನಾನು ನಿಶ್ಚಿಂತನಾಗಿದ್ದೆ. ವಿಮೆಯವರು ಒಪ್ಪಿದ್ದು 1,55,000 ಮಾತ್ರ. ಉಳಿದ 75,000 ರೂಪಾಯಿಯನ್ನು ನಾವೇ ಕಟ್ಟಬೇಕಾಯಿತು.

ಇದರಲ್ಲಿ ಮೋಸವೇನೂ ಇರಲಿಲ್ಲ. ತಂದೆಯ ಪೆಟ್ಟಿಗೆಯಲ್ಲಿದ್ದ ಪಾಲಿಸಿ ಕಾಗದವನ್ನು ಆ ರಾತ್ರಿ ಓದಿದವಳು ಪಿ.ಯು.ಸಿ. ಓದುತ್ತಿದ್ದ ನನ್ನ ಅಕ್ಕನ ಮಗಳು. "ಮಾವ, ಕೋಣೆ ಬಾಡಿಗೆ ದಿನಕ್ಕೆ ವಿಮಾ ಮೊತ್ತದ ಶೇಕಡಾ 1 ಅಂತ ಇಲ್ಲೇ ಬರೆದಿದೆಯಲ್ಲ" ಎಂದಳು. 3 ಲಕ್ಷದ ಶೇಕಡಾ 1 ಎಂದರೆ 3,000. ನಾನು ಆರಿಸಿದ ಕೋಣೆ ಅದರ ಎರಡರಷ್ಟು. ಹೀಗಿರುವಾಗ ವಿಮೆಯವರು ಬಾಡಿಗೆಯನ್ನು ಮಾತ್ರ ಅರ್ಧ ಮಾಡಿ ನಿಲ್ಲಿಸುವುದಿಲ್ಲ. ಕೋಣೆಯ ದರ್ಜೆಗೆ ತಕ್ಕಂತೆ ಏರುವ ವೈದ್ಯರ ಶುಲ್ಕ ಮುಂತಾದವನ್ನೂ ಅದೇ ಪ್ರಮಾಣದಲ್ಲಿ ಕಡಿತ ಮಾಡುತ್ತಾರೆ. ಆದುದರಿಂದ 30,000ದಲ್ಲಿ 15,000, 1,20,000ದಲ್ಲಿ 60,000 ಮಾತ್ರ ಸಿಕ್ಕಿತು. ಔಷಧಿ, ಸ್ಟೆಂಟ್, ಪರೀಕ್ಷೆಗಳಿಗೆ ಈ ಕಡಿತವಿಲ್ಲದ ಕಾರಣ 80,000 ಪೂರ್ತಿ ಬಂತು. ಇದಕ್ಕೆ ಪ್ರಮಾಣಾನುಸಾರ ಕಡಿತ ಎಂದು ಹೆಸರು. ನೀವು ಕಲಿತ ಅನುಪಾತದ ಪಾಠ ಇಷ್ಟೇ.

ಕಾಗದವನ್ನು ಮೊದಲೇ ಓದಿದ್ದರೆ ನಾನು 3,000ದ ಕೋಣೆಯನ್ನು ಕೇಳುತ್ತಿದ್ದೆ. ತಂದೆಗೆ ಅದೇ ವೈದ್ಯರು, ಅದೇ ಚಿಕಿತ್ಸೆ ಸಿಗುತ್ತಿತ್ತು.

ಗುಂಪು ಎಂದರೇನು?

ಈಗ ಮೂಲಕ್ಕೆ ಬರೋಣ. ವಿಮೆಯ ಅಡಿಪಾಯ ಸಂಭವನೀಯತೆ. ನಾಣ್ಯವನ್ನು ಹತ್ತು ಬಾರಿ ಚಿಮ್ಮಿದರೆ ಏಳು ಬಾರಿ ತಲೆ ಬೀಳಬಹುದು. ಸಾವಿರ ಬಾರಿ ಚಿಮ್ಮಿದರೆ ತಲೆ ಬೀಳುವ ಪ್ರಮಾಣ ಅರ್ಧದ ಹತ್ತಿರವೇ ನಿಲ್ಲುತ್ತದೆ. ಇದನ್ನು ಗಣಿತದಲ್ಲಿ ಸಾಧಿಸಿ ತೋರಿಸಿದವನು ಸ್ವಿಟ್ಜರ್ಲೆಂಡಿನ ಯಾಕೋಬ್ ಬರ್ನೌಲಿ. ಆತ ತೀರಿಕೊಂಡ ಮೇಲೆ 1713ರಲ್ಲಿ ಅವನ ಗ್ರಂಥ ಅಚ್ಚಾಯಿತು. ಯಾರಿಗೆ ಕಾಯಿಲೆ ಬರುತ್ತದೆಂದು ಹೇಳಲು ಯಾರಿಂದಲೂ ಆಗದು. ಆದರೆ ಸಾವಿರ ಜನರಲ್ಲಿ ಎಷ್ಟು ಜನ ಆಸ್ಪತ್ರೆ ಸೇರುತ್ತಾರೆಂದು ಹೆಚ್ಚುಕಡಿಮೆ ಹೇಳಬಹುದು. ಹಾಗೆ ಹೇಳಬಹುದಾದ ಖರ್ಚನ್ನು ಸಾವಿರ ಜನರೂ ಹಂಚಿಕೊಳ್ಳುವುದೇ ವಿಮೆ.

ಒಂದು ಕಾಲ್ಪನಿಕ ಉದಾಹರಣೆ ನೋಡಿ. ಒಂದು ಸಂಸ್ಥೆಯಲ್ಲಿ ಕೆಲಸದಲ್ಲಿರುವವರು 900 ಜನ, ನಿವೃತ್ತರು 100 ಜನ. ಕೆಲಸದಲ್ಲಿರುವವರಲ್ಲಿ ವರ್ಷಕ್ಕೆ 100ಕ್ಕೆ 3 ಜನ ಆಸ್ಪತ್ರೆ ಸೇರುತ್ತಾರೆ, ಒಬ್ಬೊಬ್ಬರ ಖರ್ಚು 40,000 ಎಂದಿಟ್ಟುಕೊಳ್ಳಿ. ಅಂದರೆ 27 ಜನ, 10,80,000 ರೂಪಾಯಿ. ನಿವೃತ್ತರಲ್ಲಿ 100ಕ್ಕೆ 15 ಜನ, ಒಬ್ಬೊಬ್ಬರ ಖರ್ಚು 80,000. ಅಂದರೆ 12,00,000 ರೂಪಾಯಿ. ಸಾವಿರ ಜನರನ್ನೂ ಒಂದೇ ಗುಂಪಾಗಿಸಿದರೆ ಒಟ್ಟು ಖರ್ಚು 22,80,000. ತಲೆಗೆ 2,280 ರೂಪಾಯಿ. ವಿಮಾ ಕಂಪನಿಯ ಆಡಳಿತ ವೆಚ್ಚ ಮತ್ತು ಲಾಭವನ್ನು ಸದ್ಯಕ್ಕೆ ಬದಿಗಿಟ್ಟಿದ್ದೇವೆ.

ಈಗ ನಿವೃತ್ತರನ್ನು ಬೇರೆ ಗುಂಪು ಮಾಡಿ. ಕೆಲಸದಲ್ಲಿರುವವರಿಗೆ ತಲೆಗೆ 1,200 ಆಗುತ್ತದೆ. ನಿವೃತ್ತರಿಗೆ ತಲೆಗೆ 12,000! ಕಾಯಿಲೆ ಒಂದೂ ಹೆಚ್ಚಾಗಲಿಲ್ಲ, ಆಸ್ಪತ್ರೆಯ ದರವೂ ಏರಲಿಲ್ಲ. ಗೆರೆ ಎಳೆದ ಜಾಗ ಬದಲಾಯಿತು, ಅಷ್ಟೆ.

ಲೆಕ್ಕ ಇಲ್ಲಿಗೇ ನಿಲ್ಲುವುದಿಲ್ಲ. 12,000 ಕೇಳಿದಾಗ, "ನನಗೇನೂ ಕಾಯಿಲೆಯಿಲ್ಲ, ಯಾಕೆ ಕಟ್ಟಲಿ?" ಎಂದು ಗಟ್ಟಿಮುಟ್ಟಾದ 40 ಜನ ಹೊರಹೋಗುತ್ತಾರೆ ಎನ್ನಿ. ಅವರಲ್ಲಿ ಆಸ್ಪತ್ರೆ ಸೇರುವವರು 3 ಜನ ಮಾತ್ರ ಇದ್ದರು. ಉಳಿದ 60 ಜನರಲ್ಲಿ 12 ಜನ ಆಸ್ಪತ್ರೆ ಸೇರುತ್ತಾರೆ, ಖರ್ಚು 9,60,000. ತಲೆಗೆ 16,000 ರೂಪಾಯಿ. ಮುಂದಿನ ವರ್ಷ ಇನ್ನಷ್ಟು ಜನ ಬಿಡುತ್ತಾರೆ, ಕಂತು ಇನ್ನೂ ಏರುತ್ತದೆ. ನಿವೃತ್ತರ ವಿಮೆಯ ಮುಖ್ಯ ತೊಡಕು ಇದೇ. ಆಸ್ಪತ್ರೆಯ ಅಗತ್ಯ ಹೆಚ್ಚಾಗುವ ವಯಸ್ಸಿನಲ್ಲಿಯೇ ಮನುಷ್ಯ ಎಳೆಯರೂ ಹಿರಿಯರೂ ಬೆರೆತಿರುವ ಗುಂಪಿನಿಂದ ಹೊರಗೆ ಬರುತ್ತಾನೆ.

ಬ್ಯಾಂಕಿನವರ ಅನುಭವ

ಇದು ಕೇವಲ ಕಾಗದದ ಲೆಕ್ಕವಲ್ಲ. ನಮ್ಮ ಕಾಫಿ ಸೀಮೆ ಮತ್ತು ಘಟ್ಟದ ಕೆಳಗಿನ ಅನೇಕ ಮನೆಗಳಲ್ಲಿ ಬ್ಯಾಂಕಿನಿಂದ ನಿವೃತ್ತರಾದ ಒಬ್ಬರಾದರೂ ಇರುತ್ತಾರೆ. ಕೆನರಾ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 1906ರಲ್ಲಿ, ಸಿಂಡಿಕೇಟ್ 1925ರಲ್ಲಿ, ವಿಜಯಾ 1931ರಲ್ಲಿ ಹುಟ್ಟಿದ್ದು ಕರಾವಳಿಯಲ್ಲಿಯೇ. 2015ರ ಮೇ 25ರಂದು ಭಾರತೀಯ ಬ್ಯಾಂಕುಗಳ ಸಂಘ ಮತ್ತು ನೌಕರರ ಸಂಘಟನೆಗಳ ನಡುವೆ ಹತ್ತನೆಯ ದ್ವಿಪಕ್ಷೀಯ ಒಪ್ಪಂದವಾಯಿತು. ಅದರಂತೆ ನೌಕರರಿಗೆಲ್ಲ ಗುಂಪು ಆರೋಗ್ಯ ವಿಮೆ ಬಂತು. ಅಧಿಕಾರಿಗಳಿಗೆ 4 ಲಕ್ಷ, ಇತರ ನೌಕರರಿಗೆ 3 ಲಕ್ಷ ರೂಪಾಯಿ ವಿಮಾ ಮೊತ್ತ. ಕೆಲಸದಲ್ಲಿರುವವರ ಕಂತನ್ನು ಬ್ಯಾಂಕು ಕಟ್ಟಿತು. ನಿವೃತ್ತರೂ ಸೇರಬಹುದಿತ್ತು, ಆದರೆ ತಮ್ಮ ಕಂತನ್ನು ತಾವೇ ಕಟ್ಟಬೇಕಿತ್ತು.

ಮುಂದಿನ ವರ್ಷಗಳಲ್ಲಿ ನಿವೃತ್ತರ ಕಂತು ಏರುತ್ತ ಹೋಯಿತು. ನಿವೃತ್ತರ ಸಂಘಗಳು ಇದರ ಬಗ್ಗೆ ಮತ್ತೆ ಮತ್ತೆ ಮನವಿ ಸಲ್ಲಿಸಿದವು. ಈ ನಡುವೆ ವಿಜಯಾ ಬ್ಯಾಂಕು 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕು ಕೆನರಾದಲ್ಲಿಯೂ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ ವಿಲೀನವಾದವು. ನಿವೃತ್ತರು ವಿಚಾರಿಸಬೇಕಾದ ಕಚೇರಿಯ ಹೆಸರೇ ಬದಲಾಯಿತು.

ಗುಂಪು ವಿಮೆಯ ಇನ್ನೊಂದು ಲಕ್ಷಣ ಇದರಿಂದ ತಿಳಿಯುತ್ತದೆ. ಮೂಲ ಪಾಲಿಸಿ ಸಂಸ್ಥೆಯ ಹೆಸರಿನಲ್ಲಿರುತ್ತದೆ. ಸದಸ್ಯನ ಕೈಯಲ್ಲಿರುವುದು ಒಂದು ಪ್ರಮಾಣಪತ್ರ ಅಥವಾ ಕಾರ್ಡು ಮಾತ್ರ. ವಿಮಾ ಕಂಪನಿಯನ್ನು ಆರಿಸುವುದು, ಷರತ್ತುಗಳನ್ನು ಚರ್ಚಿಸುವುದು, ಮುಂದುವರಿಸಬೇಕೇ ಬೇಡವೇ ಎಂದು ನಿರ್ಧರಿಸುವುದು ಎಲ್ಲವೂ ಸಂಸ್ಥೆಯ ಕೈಯಲ್ಲಿ. ಇದಕ್ಕೆ ಪ್ರತಿಯಾಗಿ ದೊಡ್ಡ ಅನುಕೂಲವೂ ಉಂಟು. ಸಕ್ಕರೆ ಕಾಯಿಲೆ, ರಕ್ತದೊತ್ತಡ ಮೊದಲೇ ಇದ್ದರೂ ಅನೇಕ ಗುಂಪು ವಿಮೆಗಳಲ್ಲಿ ಮೊದಲ ದಿನದಿಂದಲೇ ರಕ್ಷಣೆ ದೊರೆಯುತ್ತದೆ. ವೈದ್ಯಕೀಯ ತಪಾಸಣೆಯೂ ಬೇಕಿಲ್ಲ. ಎಪ್ಪತ್ತರ ವಯಸ್ಸಿನಲ್ಲಿ ಹೊರಗೆ ಒಂಟಿಯಾಗಿ ವಿಮೆ ಕೊಳ್ಳಲು ಹೋದವರಿಗೆ ಇದರ ಬೆಲೆ ತಿಳಿಯುತ್ತದೆ.

ಸೊಸೈಟಿಯ ಗುಂಪು: ಯಶಸ್ವಿನಿ

ಸಂಬಳ, ಪಿಂಚಣಿ ಇಲ್ಲದ ರೈತನಿಗೆ ಗುಂಪು ಎಲ್ಲಿಂದ ಬರಬೇಕು? ಕರ್ನಾಟಕ ಇದಕ್ಕೆ ಕೊಟ್ಟ ಉತ್ತರ ಸಹಕಾರ ಸಂಘ. ಡಾ. ದೇವಿ ಶೆಟ್ಟಿಯವರ ಪ್ರೇರಣೆಯಿಂದ 2002ರ ನವೆಂಬರಿನಲ್ಲಿ ಉದ್ಘಾಟನೆಯಾಗಿ, 2003ರ ಜೂನ್ ತಿಂಗಳಿಂದ ಜಾರಿಗೆ ಬಂದ ಯಶಸ್ವಿನಿ ಯೋಜನೆಯಲ್ಲಿ ಸದಸ್ಯ ಕಟ್ಟುತ್ತಿದ್ದುದು ವರ್ಷಕ್ಕೆ 60 ರೂಪಾಯಿ, ಅಂದರೆ ತಿಂಗಳಿಗೆ 5 ರೂಪಾಯಿ. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. ಎರಡನೆಯ ವರ್ಷ ಆ ಸಂಖ್ಯೆ 20 ಲಕ್ಷ ದಾಟಿತು. ಮೂರನೆಯ ವರ್ಷ ಕಂತು 120 ರೂಪಾಯಿಯಾದಾಗ 15 ಲಕ್ಷಕ್ಕಿಂತ ಕೆಳಗಿಳಿಯಿತು. ಕಂತು ಏರಿದರೆ ಜನ ಬಿಡುತ್ತಾರೆ ಎಂದು ಮೇಲೆ ಹೇಳಿದ್ದು ನೆನಪಿರಲಿ.

2018ರಲ್ಲಿ ನಿಂತುಹೋದ ಯಶಸ್ವಿನಿ 2023ರ ಜನವರಿಯಿಂದ ಮತ್ತೆ ನಡೆಯುತ್ತಿದೆ. ಗ್ರಾಮೀಣ ಸಹಕಾರ ಸಂಘದ ಸದಸ್ಯರ ನಾಲ್ಕು ಜನರ ಕುಟುಂಬಕ್ಕೆ 500 ರೂಪಾಯಿ, ನಗರದವರಿಗೆ 1,000 ರೂಪಾಯಿ ಎಂದು ಆಗ ಕಂತು ನಿಗದಿಯಾಯಿತು. ಚಿಕಿತ್ಸಾ ವೆಚ್ಚದ ಮಿತಿ ವರ್ಷಕ್ಕೆ 5 ಲಕ್ಷ. ಇದರಲ್ಲಿ ಎಳೆಯರೂ ಹಿರಿಯರೂ ಒಂದೇ ಗುಂಪಿನಲ್ಲಿದ್ದಾರೆ, ಸರ್ಕಾರದ ಹಣವೂ ಸೇರುತ್ತದೆ. ಕಂತು ಕಡಿಮೆ ಇರುವುದಕ್ಕೆ ಈ ಎರಡೇ ಕಾರಣ. ನೋಂದಣಿಗೆ ವರ್ಷದಲ್ಲಿ ನಿಗದಿತ ಅವಧಿ ಇರುತ್ತದೆ. ಅದು ತಪ್ಪಿದರೆ ಮುಂದಿನ ವರ್ಷದವರೆಗೆ ಕಾಯಬೇಕು. ನಿಮ್ಮ ಊರಿನ ಸೊಸೈಟಿಯ ಕಾರ್ಯದರ್ಶಿಯವರನ್ನು ಕೇಳಿದರೆ ದಿನಾಂಕ ತಿಳಿಸುತ್ತಾರೆ.

ಇತರ ದಾರಿಗಳು

ನಮ್ಮ ಸೀಮೆಯ ನಿವೃತ್ತರೆಲ್ಲರೂ ಬ್ಯಾಂಕಿನವರಲ್ಲ. ತೋಟದ ಲೈನ್ ಮನೆಗಳಲ್ಲಿ ಬದುಕು ಕಳೆದ ಕಾರ್ಮಿಕರಿದ್ದಾರೆ, ಅಂಚೆಯವರಿದ್ದಾರೆ, ಕುದುರೆಮುಖದ ಗಣಿಯಲ್ಲಿ ದುಡಿದವರಿದ್ದಾರೆ. 1976ರಲ್ಲಿ ಸ್ಥಾಪನೆಯಾದ ಕಂಪನಿಯ ಆ ಗಣಿ ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ನಿಂತಿತು. ಕಂಪನಿಯ ಊರಿನಲ್ಲಿ ಮನೆ, ಶಾಲೆ, ಆಸ್ಪತ್ರೆ ಎಲ್ಲವೂ ಕೆಲಸದ ಜೊತೆಗೇ ಬರುತ್ತವೆ, ಕೆಲಸದ ಜೊತೆಗೇ ಹೋಗುತ್ತವೆ. ತೋಟದ ಕಾರ್ಮಿಕರ ಕಥೆಯೂ ಅಷ್ಟೆ. 1951ರ ತೋಟ ಕಾರ್ಮಿಕರ ಕಾಯ್ದೆ ಕಾರ್ಮಿಕರ ಮತ್ತು ಅವರ ಕುಟುಂಬದ ಚಿಕಿತ್ಸೆಯ ಹೊಣೆಯನ್ನು ಮಾಲೀಕರ ಮೇಲೆ ಹೊರಿಸಿತ್ತು. ಆ ಹೊಣೆ ಕೆಲಸದಲ್ಲಿರುವವರೆಗೆ ಮಾತ್ರ.

ಇಂಥವರಿಗೆ ಇರುವ ಕೆಲವು ದಾರಿಗಳನ್ನು ಸಂಕ್ಷಿಪ್ತವಾಗಿ ನೋಡೋಣ.

ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ: ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಎ.ಪಿ.ಎಲ್. ಕುಟುಂಬಕ್ಕೆ ವೆಚ್ಚದ ಶೇಕಡಾ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ತುರ್ತು ಸಂದರ್ಭವನ್ನು ಬಿಟ್ಟರೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯಿಂದ ಶಿಫಾರಸು ಪತ್ರ ಬೇಕು. 70 ವರ್ಷ ದಾಟಿದ ಎಲ್ಲರಿಗೂ, ಆದಾಯ ನೋಡದೆ, 5 ಲಕ್ಷದ ರಕ್ಷಣೆ ಕೊಡುವ ವಯ ವಂದನಾ ಕಾರ್ಡನ್ನು ಕೇಂದ್ರ ಸರ್ಕಾರ 2024ರ ಅಕ್ಟೋಬರ್ 29ರಂದು ಆರಂಭಿಸಿತು. ಜಾರಿಯ ರೀತಿ ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗಿರುವುದರಿಂದ, ಕಾರ್ಡು ನಂಬಿ ಹೊರಡುವ ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿರುವ ಆರೋಗ್ಯ ಮಿತ್ರರನ್ನು ಕೇಳಿ.

ಇ.ಎಸ್.ಐ.: ಕನಿಷ್ಠ 5 ವರ್ಷ ವಿಮಾದಾರನಾಗಿದ್ದು ವಯೋನಿವೃತ್ತಿ ಹೊಂದಿದವರು ವರ್ಷಕ್ಕೆ 120 ರೂಪಾಯಿ ಕಟ್ಟಿ ತಮಗೂ ಸಂಗಾತಿಗೂ ವೈದ್ಯಕೀಯ ಸೌಲಭ್ಯ ಮುಂದುವರಿಸಬಹುದು. ಬೆಂಗಳೂರಿನ ಕಾರ್ಖಾನೆಗಳಲ್ಲಿ ದುಡಿದು ಊರಿಗೆ ಮರಳಿದ ಎಷ್ಟೋ ಜನರಿಗೆ ಇದು ಗೊತ್ತಿಲ್ಲ.

ಕೇಂದ್ರ ಸರ್ಕಾರದ ಪಿಂಚಣಿದಾರರು: 1954ರಲ್ಲಿ ಆರಂಭವಾದ ಸಿ.ಜಿ.ಎಚ್.ಎಸ್. ಯೋಜನೆಯ ಚಿಕಿತ್ಸಾ ಕೇಂದ್ರಗಳು ದೊಡ್ಡ ಊರುಗಳಲ್ಲಿವೆ. ಅದರ ವ್ಯಾಪ್ತಿಯ ಹೊರಗೆ, ನಮ್ಮಂಥ ಊರುಗಳಲ್ಲಿ ಇರುವವರಿಗೆ 2017ರ ಜುಲೈಯಿಂದ ತಿಂಗಳಿಗೆ 1,000 ರೂಪಾಯಿ ವೈದ್ಯಕೀಯ ಭತ್ಯೆ ನಿಗದಿಯಾಯಿತು. ಇದು ದಿನನಿತ್ಯದ ಮಾತ್ರೆಗೆ ಒದಗುತ್ತದೆ, ಶಸ್ತ್ರಚಿಕಿತ್ಸೆಗೆ ಸಾಲುವುದಿಲ್ಲ.

ಇಲ್ಲೊಂದು ಎಚ್ಚರಿಕೆಯ ಮಾತು. ಆಸ್ಪತ್ರೆಗಳ ರಿಯಾಯಿತಿ ಕಾರ್ಡು ಬೇರೆ, ವಿಮೆ ಬೇರೆ. 2000ದಲ್ಲಿ ಆರಂಭವಾದ ಮಣಿಪಾಲದ ಆರೋಗ್ಯ ಕಾರ್ಡು ನಮ್ಮ ಕಡೆ ಮನೆಮನೆಯಲ್ಲಿದೆ, ಉಪಯುಕ್ತವೂ ಹೌದು. ಆದರೆ ಅಂಥ ಕಾರ್ಡು ಬಿಲ್ಲಿನಲ್ಲಿ ಒಂದು ಭಾಗವನ್ನು ಕಡಿಮೆ ಮಾಡುತ್ತದೆ, ಉಳಿದುದನ್ನು ನಾವೇ ಕಟ್ಟಬೇಕು. "ಕಾರ್ಡ್ ಉಂಟಲ್ಲ" ಎಂದು ವಿಮೆಯನ್ನು ಬಿಟ್ಟವರನ್ನು ನಾನು ನೋಡಿದ್ದೇನೆ.

ಕಾಗದದಲ್ಲಿ ಹುಡುಕಬೇಕಾದ ಮಾತುಗಳು

ಪಾಲಿಸಿ ಕಾಗದ ಹತ್ತಾರು ಪುಟ ಇರುತ್ತದೆ. ಎಲ್ಲವನ್ನೂ ಒಂದೇ ದಿನ ಓದಬೇಕಾಗಿಲ್ಲ. ಮೊದಲು ಇವನ್ನು ಹುಡುಕಿ.

ವಿಮಾ ಮೊತ್ತ: ಇದು ತಲೆಗೋ, ಇಡೀ ಕುಟುಂಬಕ್ಕೋ? ಕುಟುಂಬಕ್ಕಾದರೆ ಅಜ್ಜನ ಚಿಕಿತ್ಸೆಗೆ ಖರ್ಚಾದ ಮೇಲೆ ಉಳಿದದ್ದು ಮಾತ್ರ ಅಜ್ಜಿಗೆ.

ಉಪಮಿತಿಗಳು: ಕೋಣೆ ಬಾಡಿಗೆಯ ಕಥೆ ಹೇಳಿದೆ. ಕಣ್ಣಿನ ಪೊರೆ, ಮಂಡಿಚಿಪ್ಪಿನ ಶಸ್ತ್ರಚಿಕಿತ್ಸೆ ಮುಂತಾದವಕ್ಕೂ ಬೇರೆ ಮಿತಿ ಇರಬಹುದು.

ಸಹಪಾವತಿ: "ಸದಸ್ಯನ ಪಾಲು ಶೇಕಡಾ 20" ಎಂದಿದ್ದರೆ ಪ್ರತಿ ಒಪ್ಪಿತ ಬಿಲ್ಲಿನ ಐದನೆಯ ಒಂದು ಭಾಗ ನಿಮ್ಮದು. ಹಿರಿಯರ ಪಾಲಿಸಿಗಳಲ್ಲಿ ಇದು ಸಾಮಾನ್ಯ.

ಕಾಯುವ ಅವಧಿ: ವೈಯಕ್ತಿಕ ಪಾಲಿಸಿಗಳಲ್ಲಿ ಮೊದಲೇ ಇದ್ದ ಕಾಯಿಲೆಗೆ ಕೂಡಲೇ ರಕ್ಷಣೆ ಸಿಗುವುದಿಲ್ಲ. 2024ರ ಏಪ್ರಿಲಿನಿಂದ ಈ ಅವಧಿಯ ಗರಿಷ್ಠ ಮಿತಿಯನ್ನು 48 ತಿಂಗಳಿಂದ 36 ತಿಂಗಳಿಗೆ ಇಳಿಸಲಾಯಿತು. ಸತತ 60 ತಿಂಗಳು ಪಾಲಿಸಿ ನಡೆದ ಮೇಲೆ, ಸಾಬೀತಾದ ವಂಚನೆಯ ಹೊರತು, "ಕಾಯಿಲೆ ಮುಚ್ಚಿಟ್ಟಿರಿ" ಎಂದು ಕ್ಲೇಮನ್ನು ತಿರಸ್ಕರಿಸುವಂತಿಲ್ಲ.

ಆಸ್ಪತ್ರೆಗಳ ಪಟ್ಟಿ: ನಗದು ಕಟ್ಟದೆ ಚಿಕಿತ್ಸೆ ಪಡೆಯುವ ಸೌಲಭ್ಯ ಪಟ್ಟಿಯಲ್ಲಿರುವ ಆಸ್ಪತ್ರೆಗಳಲ್ಲಿ ಸಲೀಸು. 2024ರ ಮೇ ತಿಂಗಳ ಸುತ್ತೋಲೆಯಂತೆ ಒಪ್ಪಿಗೆಯ ಕೋರಿಕೆಗೆ ವಿಮಾ ಕಂಪನಿ ಒಂದು ಗಂಟೆಯೊಳಗೆ, ಬಿಡುಗಡೆಯ ಸಮಯದ ಅಂತಿಮ ಒಪ್ಪಿಗೆಗೆ ಮೂರು ಗಂಟೆಯೊಳಗೆ ಉತ್ತರಿಸಬೇಕು. ಪಟ್ಟಿಯನ್ನು ಜಿಲ್ಲೆಯ ನಕಾಶೆಯ ಜೊತೆ ಇಟ್ಟುಕೊಂಡು ಓದಿ. ಮಲೆನಾಡಿನಲ್ಲಿ ಪಟ್ಟಿಯ ಒಂದೇ ಆಸ್ಪತ್ರೆ ಘಟ್ಟದ ಕೆಳಗಿದ್ದರೆ ಸಾಲದು. 2019ರ ಆಗಸ್ಟಿನ ಮಳೆಗೆ ಚಾರ್ಮಾಡಿ ಘಟ್ಟದಲ್ಲಿ ಗುಡ್ಡ ಕುಸಿದು ಸಂಚಾರವೇ ನಿಂತಿತ್ತು. ಘಟ್ಟದ ಮೇಲೊಂದು, ಕೆಳಗೊಂದು ಆಸ್ಪತ್ರೆಯನ್ನು ಗುರುತು ಮಾಡಿಡಿ.

ಪ್ರವಾಸಕ್ಕೆ ಹೊರಟಾಗ

ನಿವೃತ್ತಿಯಾದ ಮೇಲೆ ಕಾಶಿಗೆ ಹೋಗುವ ಆಸೆ, ವಿದೇಶದಲ್ಲಿರುವ ಮಗಳ ಬಾಣಂತನಕ್ಕೆ ಹೋಗುವ ಅಗತ್ಯ ಎರಡೂ ನಮ್ಮ ಮನೆಗಳಲ್ಲಿ ಉಂಟು. ಎರಡಕ್ಕೂ ಬೇಕಾದ ವಿಮೆ ಒಂದೇ ಅಲ್ಲ.

ದೇಶದೊಳಗೆ ಹೋಗುವುದಾದರೆ ಆರೋಗ್ಯ ವಿಮೆ ಸಾಮಾನ್ಯವಾಗಿ ಭಾರತದ ಎಲ್ಲ ಕಡೆ ನಡೆಯುತ್ತದೆ. ಕಾರ್ಡಿನ ಪ್ರತಿ, ಸಹಾಯವಾಣಿಯ ಸಂಖ್ಯೆ, ಔಷಧಿಗಳ ಚೀಟಿ ಜೊತೆಯಲ್ಲಿದ್ದರೆ ಸಾಕು. ಪ್ರಯಾಣದ ವಿಮೆ ಮುಖ್ಯವಾಗಿ ಅಪಘಾತಕ್ಕೆ. ಕೆ.ಎಸ್.ಆರ್.ಟಿ.ಸಿ. ಟಿಕೆಟ್ಟಿನ ಹಣದಲ್ಲಿ ಒಂದು ಸಣ್ಣ ಪಾಲು ಅಪಘಾತ ಪರಿಹಾರ ನಿಧಿಗೆ ಸೇರುತ್ತದೆ. 2024ರ ಜನವರಿ 1ರಿಂದ ಮೃತ ಪ್ರಯಾಣಿಕರ ಕುಟುಂಬಕ್ಕೆ ಕೊಡುವ ಪರಿಹಾರವನ್ನು 3 ಲಕ್ಷದಿಂದ 10 ಲಕ್ಷಕ್ಕೆ ಏರಿಸಲಾಯಿತು. ಬಸ್ಸು ಹತ್ತಿದ ನೀವೂ ಒಂದು ಗುಂಪು ರಕ್ಷಣೆಯ ಸದಸ್ಯರೇ ಆದಿರಿ! ಅಂತರಜಾಲದಲ್ಲಿ ರೈಲು ಟಿಕೆಟ್ ಕಾದಿರಿಸುವಾಗ ಒಂದು ರೂಪಾಯಿಗೂ ಕಡಿಮೆ ಹಣಕ್ಕೆ ಅಪಘಾತ ವಿಮೆ ಸಿಗುತ್ತದೆ. ಸಾವಿಗೆ 10 ಲಕ್ಷ, ಗಾಯಗೊಂಡು ಆಸ್ಪತ್ರೆ ಸೇರಿದರೆ 2 ಲಕ್ಷದವರೆಗೆ. ಆದರೆ ರೈಲಿನಲ್ಲಿ ಹೃದಯಾಘಾತವಾದರೆ ಅದು ರೈಲು ಅಪಘಾತವಲ್ಲ. ಆಗ ನೆರವಿಗೆ ಬರಬೇಕಾದದ್ದು ಆರೋಗ್ಯ ವಿಮೆ.

ವಿದೇಶಕ್ಕೆ ಹೋಗುವುದಾದರೆ ಪರಿಸ್ಥಿತಿ ಪೂರ್ತಿ ಬೇರೆ. ಇಲ್ಲಿಯ ಗುಂಪು ಆರೋಗ್ಯ ವಿಮೆ ಸಾಮಾನ್ಯವಾಗಿ ಭಾರತದ ಗಡಿಯಲ್ಲೇ ನಿಲ್ಲುತ್ತದೆ. ಯೂರೋಪಿನ ಷೆಂಗೆನ್ ದೇಶಗಳು ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಇಲ್ಲದವರಿಗೆ ವೀಸಾ ಕೊಡುವುದಿಲ್ಲ. ಅಮೆರಿಕಕ್ಕೆ ಭೇಟಿ ನೀಡುವವರಿಗೆ ಅಂಥ ಕಡ್ಡಾಯವಿಲ್ಲ, ಆದರೆ ಅಲ್ಲಿಯ ಆಸ್ಪತ್ರೆಯ ವೆಚ್ಚ ನಮ್ಮ ಊಹೆಗೂ ಮೀರಿದ್ದು. ಅಲ್ಲಿಯ ಹಿರಿಯರಿಗಿರುವ ಸರ್ಕಾರಿ ವಿಮೆ ಪ್ರವಾಸಿಗಳಿಗೆ ಸಿಗುವುದಿಲ್ಲ.

ಪ್ರಯಾಣ ವಿಮೆಯ ಕಾಗದದಲ್ಲಿ ಹಿರಿಯರು ಮೂರು ಸಂಗತಿಗಳನ್ನು ನೋಡಬೇಕು. ಮೊದಲನೆಯದು, ಮೊದಲೇ ಇದ್ದ ಕಾಯಿಲೆ. ಅನೇಕ ಪಾಲಿಸಿಗಳು ಇದನ್ನು ಹೊರಗಿಡುತ್ತವೆ, ಅಥವಾ ಪ್ರಾಣಾಪಾಯದ ತುರ್ತು ಚಿಕಿತ್ಸೆಗೆ ಮಾತ್ರ ಒಂದು ಮಿತಿಯವರೆಗೆ ಕೊಡುತ್ತವೆ. ಕಾಯಿಲೆಯನ್ನು ಅರ್ಜಿಯಲ್ಲಿ ಬರೆಯದೆ ಮುಚ್ಚಿಡುವುದು ಅತ್ಯಂತ ದುಬಾರಿ ಉಳಿತಾಯ. ಎರಡನೆಯದು, ಕಳೆತ. ಪ್ರತಿ ಕ್ಲೇಮಿನಲ್ಲಿ ಮೊದಲ ಇಷ್ಟು ಡಾಲರ್ ನಾವೇ ಕೊಡಬೇಕೆಂಬ ಷರತ್ತು ಅದು. ಮೂರನೆಯದು, ದಿನಗಳು. ಆರು ತಿಂಗಳಿಗೆ ಹೋದವರು ಇನ್ನೆರಡು ತಿಂಗಳು ನಿಲ್ಲುವುದಾದರೆ ಅವಧಿ ಮುಗಿಯುವ ಮೊದಲೇ ವಿಸ್ತರಣೆ ಕೇಳಬೇಕು. ಊರಿನಲ್ಲಿ ಗುಂಪು ವಿಮೆಯ ನವೀಕರಣದ ದಿನ ಇದೇ ಅವಧಿಯಲ್ಲಿ ಬಂದರೆ ಕಟ್ಟುವವರು ಯಾರೆಂದು ಹೊರಡುವ ಮೊದಲೇ ಗೊತ್ತು ಮಾಡಿ. ಹಲವು ನಿವೃತ್ತರ ಗುಂಪುಗಳಲ್ಲಿ ಒಮ್ಮೆ ಬಿಟ್ಟವರಿಗೆ ಮತ್ತೆ ಪ್ರವೇಶ ಸಿಗುವುದು ಕಷ್ಟ.

ಗುಂಪು ಬಿಡುವ ಮೊದಲು

ನಿಮ್ಮ ಮನೆಯಲ್ಲಿ ಯಾರಾದರೂ ಒಂದೆರಡು ವರ್ಷದಲ್ಲಿ ನಿವೃತ್ತರಾಗುವವರಿದ್ದರೆ ಈ ಭಾಗವನ್ನು ಅವರಿಗೆ ಓದಿ ಹೇಳಿ. ನಿವೃತ್ತಿಯ ಮರುದಿನದಿಂದ ಸಂಸ್ಥೆಯ ವಿಮೆ ಇರುತ್ತದೆಯೇ, ಇದ್ದರೆ ಕಂತು ಯಾರದು ಎಂದು ಬರಹದಲ್ಲಿ ಕೇಳಬೇಕು. ಇಲ್ಲವಾದರೆ, ಗುಂಪಿನಲ್ಲಿ ಇರುವಾಗಲೇ ಅದೇ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗಾವಣೆ ಕೇಳಬಹುದು. ಹಾಗೆ ವರ್ಗವಾದರೆ ಗುಂಪಿನಲ್ಲಿ ಕಳೆದ ವರ್ಷಗಳು ಕಾಯುವ ಅವಧಿಯಲ್ಲಿ ಲೆಕ್ಕಕ್ಕೆ ಬರುತ್ತವೆ. ಬಿಟ್ಟು ಕೆಲವು ತಿಂಗಳಾದ ಮೇಲೆ ಹೋದರೆ ಮೊದಲಿನಿಂದ ಎಣಿಕೆ.

ಹಿಂದೆ 65 ದಾಟಿದವರಿಗೆ ಹೊಸ ಪಾಲಿಸಿ ಕೊಡಬೇಕೆಂಬ ನಿಯಮ ಕಂಪನಿಗಳಿಗೆ ಇರಲಿಲ್ಲ. 2024ರ ಏಪ್ರಿಲಿನಿಂದ ಆ ವಯಸ್ಸಿನ ಗೆರೆ ಹೋಗಿದೆ. 2025ರ ಜನವರಿಯಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವು ಹಿರಿಯ ನಾಗರಿಕರ ಕಂತನ್ನು ವರ್ಷಕ್ಕೆ ಶೇಕಡಾ 10ಕ್ಕಿಂತ ಹೆಚ್ಚು ಏರಿಸುವ ಮೊದಲು ತನ್ನೊಡನೆ ಸಮಾಲೋಚಿಸಬೇಕೆಂದು ಕಂಪನಿಗಳಿಗೆ ಸೂಚಿಸಿತು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ಪಾಲಿಸಿಗಳ ಮೇಲಿನ ಜಿ.ಎಸ್.ಟಿ. ಹೋಯಿತು, ಗುಂಪು ಪಾಲಿಸಿಗಳಿಗೆ ಆ ವಿನಾಯಿತಿ ದೊರೆಯಲಿಲ್ಲ. 12,000ದ ಗುಂಪು ಕಂತಿಗೆ ಶೇಕಡಾ 18ರ ತೆರಿಗೆ ಸೇರಿದರೆ 14,160. ಗುಂಪು ಯಾವಾಗಲೂ ಅಗ್ಗ ಎಂದು ತೀರ್ಮಾನಿಸದೆ ಎರಡನ್ನೂ ಅಕ್ಕಪಕ್ಕ ಬರೆದು ಹೋಲಿಸಿ ನೋಡಲು ಇದೂ ಒಂದು ಕಾರಣ.

ಕ್ಲೇಮು ತಿರಸ್ಕಾರವಾದರೆ ಸುಮ್ಮನೆ ಕೂರಬೇಡಿ. ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ತಿಂಗಳೊಳಗೆ ಉತ್ತರ ಬಾರದಿದ್ದರೆ, ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನಲ್ಲಿರುವ ವಿಮಾ ಲೋಕಪಾಲರ ಕಚೇರಿಗೆ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. 50 ಲಕ್ಷ ರೂಪಾಯಿಯವರೆಗಿನ ವ್ಯಾಜ್ಯಗಳನ್ನು ಅಲ್ಲಿ ಕೇಳುತ್ತಾರೆ.

ಈ ಭಾನುವಾರದ ಮನೆಗೆಲಸ

ಅಜ್ಜನ ಅಥವಾ ಅಜ್ಜಿಯ ಪೆಟ್ಟಿಗೆಯಲ್ಲಿರುವ ಕಾಗದವನ್ನು ಅವರ ಅನುಮತಿ ಕೇಳಿ ಹೊರತೆಗೆಯಿರಿ. ನೋಟುಪುಸ್ತಕದ ಒಂದೇ ಪುಟದಲ್ಲಿ, ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ ಹೀಗೆ ಬರೆಯಿರಿ:

1. ವಿಮೆ ಯಾವುದು, ಕಾರ್ಡಿನ ಸಂಖ್ಯೆ ಎಷ್ಟು?
2. ಯಾರ ಯಾರ ಹೆಸರಿದೆ?
3. ವಿಮಾ ಮೊತ್ತ ಎಷ್ಟು, ಅದು ತಲೆಗೋ ಕುಟುಂಬಕ್ಕೋ?
4. ಕೋಣೆ ಬಾಡಿಗೆಯ ಮಿತಿ ದಿನಕ್ಕೆ ಎಷ್ಟು?
5. ನಮ್ಮ ಪಾಲು ಶೇಕಡಾ ಎಷ್ಟು?
6. ಘಟ್ಟದ ಮೇಲಿನ ಆಸ್ಪತ್ರೆ ಯಾವುದು, ಕೆಳಗಿನದು ಯಾವುದು?
7. ಸಹಾಯವಾಣಿಯ ಸಂಖ್ಯೆ ಏನು?
8. ನವೀಕರಣದ ಕೊನೆಯ ದಿನ ಯಾವುದು, ಕಟ್ಟುವವರು ಯಾರು?

ಆ ಪುಟವನ್ನು ಫೋನಿನ ಬಳಿ ಗೋಡೆಗೆ ಅಂಟಿಸಿ. ಒಂದೆರಡು ಪ್ರಶ್ನೆಗೆ ಉತ್ತರ ಸಿಗದಿದ್ದರೆ ಆ ಜಾಗವನ್ನು ಖಾಲಿ ಬಿಟ್ಟು, ಸಂಸ್ಥೆಗೋ ಸೊಸೈಟಿಗೋ ಒಂದು ಪತ್ರ ಬರೆಯಿರಿ. ನಮ್ಮ ಮನೆಯಲ್ಲಿ ಅಕ್ಕನ ಮಗಳು ಬರೆದ ಪುಟ ಅಡುಗೆಮನೆಯ ಬಾಗಿಲ ಹಿಂದೆ ಇದೆ. ಎರಡು ವರ್ಷದ ನಂತರ ಅಮ್ಮನಿಗೆ ಶಸ್ತ್ರಚಿಕಿತ್ಸೆಯಾದಾಗ ಅದರ ನಾಲ್ಕನೆಯ ಸಾಲನ್ನು ನೋಡಿಯೇ ಕೋಣೆ ಆರಿಸಿದೆವು. ಆ ಬಾರಿ ಕೋಣೆಯ ಬಾಬತ್ತಿನಲ್ಲಿ ಒಂದು ರೂಪಾಯಿಯೂ ಕಡಿತವಾಗಲಿಲ್ಲ.